ಹಲಗೆಯ ಹಿಂದಿನ ತುದಿ

ಗೂಗಲ್
೧೨ ಅಕ್ಟೋಬರ್ ೧೯೪೧

ಅಣ್ಣ ತಾಯಣ್ಣನಿಗೆ ತಂಗಿ ಗೋಪಮ್ಮನ ಶರಣು.

ನೀನು ಹೊಳೆಯ ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ ಅಕ್ಷರಗಳಲ್ಲೇ ಬರೆಯುತ್ತಿದ್ದೇನೆ. ತಪ್ಪು ಕಂಡರೆ ಅದು ಕಲಿಸಿದವನದು. ನಮ್ಮ ಗೂಗಲ್ ಊರಿನಿಂದ ದೇವದುರ್ಗದ ಸಂತೆಗೆ ಹೋಗುವವರ ಕೈಯಲ್ಲಿ ಇದನ್ನು ಟಪಾಲಿಗೆ ಹಾಕಿಸುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ನನ್ನ ಮದುವೆ ಮಾಘಕ್ಕೆ ಗಟ್ಟಿಯಾಯಿತು. ಗಂಡಿನ ಊರು ಕೃಷ್ಣೆಯ ಆಚೆ ದಂಡೆಗೆ. ಮದುವೆ ನಮ್ಮ ಮನೆಯಲ್ಲಿ, ಮರುದಿನ ಹರಿಗೋಲು ಹತ್ತಿ ನಾನು ಆಚೆಗೆ. ಅವ್ವ ಈಗಿನಿಂದಲೇ ಅಳಲು ಶುರು ಮಾಡಿದ್ದಾಳೆ. ಇಷ್ಟು ಮುಂಚೆಯೇ ಅತ್ತರೆ ಆ ದಿನಕ್ಕೆ ಏನು ಉಳಿಯುತ್ತದೆ ಎಂದು ನಾನು ಬೈಯುತ್ತೇನೆ.

ಇನ್ನು ಅಪ್ಪನ ಮಾತು. ರಾಯಚೂರಿಗೆ ಮಾಸ್ತರಿಕೆ ಕಲಿಯಲು ಹೋದವನಿಗೆ ಊರಿನ ಹಲಗೆ ಮರೆತಿರಬಹುದು. ಲೆಕ್ಕಕ್ಕೆ ಬೇಕಾಗುತ್ತದೆಂದು ಮೊದಲಿನಿಂದ ಹೇಳುತ್ತೇನೆ. ಹರಿಗೋಲಿನ ತಳ ಚರ್ಮದ್ದು, ದಂಡೆಯ ಕಲ್ಲಿಗೆ ತಾಗಿದರೆ ಹರಿದುಹೋಗುತ್ತದೆ. ಅದಕ್ಕೇ ಅದನ್ನು ನಡೆಸುವ ಪೀರಾ ಸಾಬ್ ಕಾಕಾ ಆಳದ ನೀರಿನಲ್ಲೇ ನಿಲ್ಲಿಸುತ್ತಾನೆ. ಬಂಡೆಯ ಮೇಲಿಂದ ನೀರಿನ ಮೇಲಕ್ಕೆ ಹಲಗೆ ಚಾಚಿರುತ್ತದೆ, ಜನ ಅದರ ಮೇಲೆ ನಡೆದು ಹೋಗಿ ಹತ್ತುತ್ತಾರೆ. ನಡೆಯುವವರ ಭಾರಕ್ಕೆ ಹಲಗೆ ಮಗುಚಬಾರದೆಂದು ಹಿಂದಿನ ತುದಿಯ ಮೇಲೆ ಅಪ್ಪ ಕೂತಿರುತ್ತಾನೆ. ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ನಡೆಯುತ್ತಾರಲ್ಲ, ಅದಕ್ಕೆ ಹೊಳೆಗೆ ಬೆನ್ನು ಮಾಡಿ ಊರಿಗೆ ಮುಖ ಮಾಡಿ ಕೂರುವುದು ರೀತಿ. ಮೂವತ್ತು ವರ್ಷದಿಂದ ಅಪ್ಪ ಹಾಗೆ ಕೂತು 'ಹಲಗಿ ಸುಂಕಪ್ಪ' ಎಂದು ಹೆಸರು ಪಡೆದಿದ್ದಾನೆ.

ಭಾದ್ರಪದದ ಚಳಿಜ್ವರ ಅವನನ್ನು ಹಿಂಡಿಬಿಟ್ಟಿದೆ. ಎಪ್ಪತ್ತು ಸೇರು ತೂಗುತ್ತಿದ್ದವನು ಸೇಂಗಾ ತೂಗುವ ತಕ್ಕಡಿಯಲ್ಲಿ ಈಗ ಐವತ್ತು. ಮೊನ್ನೆ ಗುರುವಾರ ಒಬ್ಬ ಮೂಟೆ ಹೊತ್ತು ಹಲಗೆಯ ಮೇಲೆ ಹೋದ. ಅಪ್ಪ ಕೂತಲ್ಲೇ ಒಂದು ಗೇಣು ಮೇಲೆದ್ದ. ಆ ಮನುಷ್ಯ ಹಿಂದಕ್ಕೆ ಸರಿದು ಬಚಾವಾದ. ಜನ ನಕ್ಕರು, ಅಪ್ಪನೂ ನಕ್ಕ. ಮನೆಗೆ ಬಂದವನು ಉಣ್ಣಲಿಲ್ಲ.

ಅವನಿಗಿರುವುದು ಒಂದೇ ಆಸೆ. "ಊರ ಹೆಣ್ಣುಮಕ್ಳನೆಲ್ಲಾ ನಾ ಕುಂತು ದಾಟಿಸೀನಿ. ನನ್ನ ಮಗಳು ದಾಟೋ ದಿನ ಹಲಗಿ ಮ್ಯಾಲ ನಾನೇ ಇರಬೇಕು," ಎನ್ನುತ್ತಾನೆ. ಹೀಗೇ ಆದರೆ ಪೀರಾ ಸಾಬ್ ಕಾಕಾ ಬೇರೆಯವರನ್ನು ಹುಡುಕುತ್ತಾನೆ. ಇಂಥ ಹಲಗೆಯ ಪಾಠ ನಿನ್ನ ಪುಸ್ತಕದಲ್ಲಿದೆ ಎಂದು ದಸರೆಗೆ ಬಂದಾಗ ಹೇಳಿದ್ದೆಯಲ್ಲ? ಬಂಡೆಯಿಂದ ಅಪ್ಪನ ಕಡೆಗೆ ಏಳು ಮೊಳ, ನೀರಿನ ಕಡೆಗೆ ಐದು ಮೊಳ. ಎರಡನ್ನೂ ನನ್ನ ಕೈಯಿಂದಲೇ ಅಳೆದಿದ್ದೇನೆ. ಅಪ್ಪ ಅಲ್ಲೇ ಉಳಿಯುವಂತೆ ಏನಾದರೂ ಲೆಕ್ಕ ಕಳಿಸು.

ನಿನ್ನ ದಾರಿ ನೋಡುವ,
ಗೋಪಮ್ಮ

---

ರಾಯಚೂರು
೨೪ ಅಕ್ಟೋಬರ್ ೧೯೪೧

ತಂಗಿ ಗೋಪಮ್ಮಳಿಗೆ ತಾಯಣ್ಣನ ಆಶೀರ್ವಾದ.

ಮದುವೆಯ ಸುದ್ದಿ ಓದಿ ಕೊಠಡಿಯ ಗೆಳೆಯರಿಗೆಲ್ಲ ಬೆಲ್ಲ ಹಂಚಿದೆ. ಆಮೇಲೆ ನಿನ್ನ ಹಲಗೆ ಹಿಡಿದು ಕೂತೆ. ನೀನು ಎರಡೂ ಕಡೆ ಒಂದೇ ಕೈಯಿಂದ ಅಳೆದದ್ದು ಬಹಳ ಒಳ್ಳೆಯದಾಯಿತು. ಒಂದು ಕಡೆ ನಿನ್ನ ಮೊಳ, ಇನ್ನೊಂದು ಕಡೆ ಅಪ್ಪನ ಮೊಳ ಆಗಿದ್ದರೆ ಲೆಕ್ಕವೆಲ್ಲ ಕೆಡುತ್ತಿತ್ತು.

ನಮ್ಮ ಉರ್ದು ಪುಸ್ತಕದಲ್ಲಿ ಇದು ಚೆನ್ನಾಗಿದೆ, ನಾನು ಕನ್ನಡದಲ್ಲಿ ಹೇಳುತ್ತೇನೆ. ಹಲಗೆಯನ್ನು ತಿರುಗಿಸುವುದು ಬರೀ ತೂಕವಲ್ಲ. ತೂಕವನ್ನು, ಅದು ಬಂಡೆಯಿಂದ ಎಷ್ಟು ದೂರವಿದೆಯೋ ಅದರಿಂದ ಗುಣಿಸಬೇಕು. ಬಂದದ್ದೇ ತಿರುಗಿಸುವ ಬಲ. ಎರಡೂ ಕಡೆ ಈ ಬಲ ಸಮ ಇದ್ದರೆ ಹಲಗೆ ಸಮ ನಿಲ್ಲುತ್ತದೆ, ಯಾವ ಕಡೆ ಹೆಚ್ಚೋ ಆ ಕಡೆ ಇಳಿಯುತ್ತದೆ. ಅಪ್ಪನ ಐವತ್ತು ಸೇರು, ಏಳು ಮೊಳ: ಮುನ್ನೂರೈವತ್ತು. ನೀರಿನ ಕಡೆ ಐದು ಮೊಳ. ಅಂದರೆ ಆ ತುದಿಯಲ್ಲಿ ಎಪ್ಪತ್ತು ಸೇರಿಗಿಂತ ಹೆಚ್ಚಿನವರು ನಿಂತರೆ ಅಪ್ಪ ಮೇಲೇಳುತ್ತಾನೆ. ನೋಡು, ಮೂಟೆಯವನ ಕಥೆ ಕಾಗದದ ಮೇಲೇ ಬಂತು!

ಮೂಟೆ ಹೊತ್ತವನು ನೂರು ಸೇರು ಎಂದಿಟ್ಟುಕೊಂಡರೆ ಹಿಂದಿನ ತುದಿಯಲ್ಲಿ ಎಪ್ಪತ್ತೆರಡು ಸೇರು ಬೇಕು. ಅದು ಮನುಷ್ಯನೇ ಆಗಬೇಕೆಂದಿಲ್ಲ, ಅಷ್ಟು ತೂಕದ ಕಲ್ಲಿಟ್ಟರೂ ನಡೆಯುತ್ತದೆ. ಮುಂದೆ ಹೊಳೆ ಇಳಿದು ಹಲಗೆಯನ್ನು ಒಂದು ಮೊಳ ಮುಂದಕ್ಕೆ ತಳ್ಳಿದಾಗ ಎರಡೂ ಕಡೆ ಆರಾರು ಮೊಳವಾಗುತ್ತದೆ. ಆಗ ಲೆಕ್ಕ ಇನ್ನೂ ಸುಲಭ: ಎಪ್ಪತ್ತೆರಡರ ಕಲ್ಲು ಎಪ್ಪತ್ತೆರಡು ಸೇರಿನವರನ್ನು ತಡೆಯುತ್ತದೆ.

ಇದನ್ನು ದಂಡೆಯ ಮೇಲೆ ಎಲ್ಲರಿಗೂ ಕೇಳುವಂತೆ ಓದು. ಹಲಗಿ ಸುಂಕಪ್ಪನ ಮಗ ಏನು ಕಲಿತಿದ್ದಾನೆಂದು ಊರಿಗೂ ತಿಳಿಯಲಿ. ಮುಂದಿನ ತಿಂಗಳು ನನ್ನನ್ನು ಮಾನ್ವಿಯ ಶಾಲೆಗೆ ಮಾಸ್ತರನಾಗಿ ಹಾಕುತ್ತಾರಂತೆ.

ನಿನ್ನ ಅಣ್ಣ,
ತಾಯಣ್ಣ

---

ಗೂಗಲ್
೧೬ ನವೆಂಬರ್ ೧೯೪೧

ಮಾಸ್ತರ್ ತಾಯಣ್ಣನವರಿಗೆ,

ಓದು ಎಂದೆ, ಓದಿದೆ. ನನ್ನ ಬುದ್ಧಿಗೂ ಮಣ್ಣು ಬಿತ್ತು. ಅಪ್ಪ ಹಲಗೆಯ ತುದಿಯಲ್ಲೇ ಕೂತು ಕೇಳುತ್ತಿದ್ದ, ಪೀರಾ ಸಾಬ್ ಕಾಕಾ ಹುಟ್ಟು ಹಿಡಿದು ನಿಂತಿದ್ದ. ತಿರುಗಿಸುವ ಬಲ ಬಂದಾಗ ಅಪ್ಪನ ಮುಖ ಅರಳಿತು. "ನೋಡ್ರಿ, ನಾ ಮೂವತ್ತು ವರ್ಷ ಕುಂತದ್ದು ಪುಸ್ತಕದಾಗ ಅದ," ಎಂದ. ಆಮೇಲೆ ಕಲ್ಲು ಬಂತು. ಬಾಯಿ ತಡೆಯುವಷ್ಟರಲ್ಲಿ ಓದಿಬಿಟ್ಟಿದ್ದೆ.

ಪೀರಾ ಸಾಬ್ ಕಾಕಾ ಕೆಟ್ಟವನಲ್ಲ. "ಸುಂಕಪ್ಪಾ, ನಿನ ಮಗಾನೇ ಹೇಳ್ಯಾನ. ಬಿಸಿಲಾಗ ಯಾಕ ಕುಂದ್ರತಿ, ಜ್ವರ ಬಿಟ್ಟ ಮೈ, ಆರಾಮ ಮಾಡು," ಎಂದ. ಮರುದಿನವೇ ನಾಲ್ವರು ಸೇರಿ ಒಂದು ಗುಂಡು ಉರುಳಿಸಿ ತಂದು ತೂಗಿ ಇಟ್ಟರು. ಎಪ್ಪತ್ತೆರಡೇ ಸೇರು. ಮೂಟೆಗಳು ಹೋದವು, ಆಡುಗಳು ಹೋದವು, ಹಲಗೆ ಕದಲಲಿಲ್ಲ. ಊರೆಲ್ಲ ನಿನ್ನನ್ನು ಹೊಗಳುತ್ತಿದೆ.

ಅಪ್ಪ, "ಮಗ ಸರಿಯಾಗೇ ಬರದಾನ," ಎಂದನಷ್ಟೇ. ಅವ್ವ ಸುಮ್ಮನಿರದೆ, ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗೇನು ಎಂದು ಊರಿಗೆಲ್ಲ ಕೇಳುವಂತೆ ಅಂದಳು. ಅಪ್ಪ ಈಗಲೂ ಬೆಳಿಗ್ಗೆ ದಂಡೆಗೆ ಹೋಗುತ್ತಾನೆ. ಬೇವಿನ ಬೇರಿನ ಮೇಲೆ ಕೂರುತ್ತಾನೆ. ಅಲ್ಲಿಯೂ ಹೊಳೆಗೆ ಬೆನ್ನು ಮಾಡಿಯೇ.

ಅಣ್ಣಾ, ಅಪ್ಪನನ್ನು ಉಳಿಸುವ ಲೆಕ್ಕ ಕೇಳಿದ್ದೆ. ನೀನು ಕಲ್ಲನ್ನು ಕೂರಿಸಿದೆ. ನನಗೆ ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಗೋಪಮ್ಮ

---

ಮಾನ್ವಿ
೩೦ ನವೆಂಬರ್ ೧೯೪೧

ಅಪ್ಪನಿಗೆ ತಾಯಣ್ಣನ ಶರಣು. ಗೋಪಮ್ಮ ಇದನ್ನು ನಿನಗೊಬ್ಬನಿಗೇ ಓದಿ ಹೇಳಲಿ.

ಯಪ್ಪಾ, ನಾನು ಬರೆಯುವಾಗ ಕಾಗದದ ಮೇಲೆ ನೀನಿರಲಿಲ್ಲ, ಐವತ್ತು ಸೇರು ಇತ್ತು. ಲೆಕ್ಕ ಸರಿಬಂದ ಖುಷಿಯಲ್ಲಿ ಅದು ಯಾರ ತೂಕ ಎಂಬುದೇ ಮರೆತೆ. ಅದನ್ನು ನೆನೆದರೆ ಇಲ್ಲಿ ಹುಡುಗರ ಮುಂದೆ ನಿಂತು ಪಾಠ ಹೇಳಲು ಬಾಯಿ ಬರುವುದಿಲ್ಲ.

ಸಣ್ಣವನಿದ್ದಾಗ ನಾನು ಹಲಗೆಯ ಮೇಲೆ ಓಡುತ್ತಿದ್ದೆ, ನೀನು ತಿರುಗಿ ನೋಡದೆ "ತಾಯ್ಯಾ, ಮೂರನೇ ಮೊಳದಾಗ ನಿಲ್ಲು" ಎನ್ನುತ್ತಿದ್ದೆ. ಅದು ನಿನಗೆ ಹೇಗೆ ತಿಳಿಯುತ್ತಿತ್ತೋ ನಾನು ಎಂದೂ ಕೇಳಲಿಲ್ಲ. ಪುಸ್ತಕದವರನ್ನು ಕೇಳಿದೆ, ನಿನ್ನನ್ನು ಕೇಳಲಿಲ್ಲ.

ತಪ್ಪಾಯಿತು. ಎರಡು ಮಾತು ಬರೆಸು. ಬೈದರೂ ಸರಿ.

ನಿನ್ನ ಮಗ,
ತಾಯಣ್ಣ

---

ಗೂಗಲ್
೨೮ ಡಿಸೆಂಬರ್ ೧೯೪೧

ಅಣ್ಣನಿಗೆ ಗೋಪಮ್ಮನ ಶರಣು.

ನಿನ್ನ ಕಾಗದವನ್ನು ಅಪ್ಪನಿಗೆ ಓದಿದ್ದೆ. ಮಡಚಿ ಪೇಟದಲ್ಲಿ ಸಿಕ್ಕಿಸಿಕೊಂಡ, ಉತ್ತರ ಬರೆಸಲಿಲ್ಲ. ಅದಕ್ಕೇ ನಾನೂ ಇಷ್ಟು ದಿನ ಬರೆಯಲಿಲ್ಲ. ಈಗ ಬರೆಯದೆ ಇರಲಾಗದ ಸಂಗತಿ ನಡೆದಿದೆ. ಹೆದರಬೇಡ, ಎಲ್ಲರೂ ಬದುಕಿದ್ದಾರೆ.

ಹೊಳೆ ಇಳಿಯಿತು. ಮೊನ್ನೆ ಹಲಗೆಯನ್ನು ಒಂದು ಮೊಳ ಮುಂದಕ್ಕೆ ತಳ್ಳಿದರು. ಎರಡೂ ಕಡೆ ಆರಾರು ಮೊಳ. ಪೀರಾ ಸಾಬ್ ಕಾಕಾ ನಿನ್ನ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದ: ಎಪ್ಪತ್ತೆರಡಕ್ಕೆ ಎಪ್ಪತ್ತೆರಡು. ಮೂಟೆ ಹೊತ್ತವರನ್ನೆಲ್ಲ ಬದಿಗೆ ನಿಲ್ಲಿಸಿ, ಮೊದಲು ತನ್ನ ಹೆಂಡತಿಯನ್ನೇ ಕಳಿಸಿದ. ಜೈಬುನ್ನೀಸಾ ಕಾಕಿ ಕೈಯಲ್ಲಿದ್ದ ಬುಟ್ಟಿ ಸೇರಿ ಅರವತ್ತೈದು ಸೇರು. ತುದಿಗೆ ಹೋಗಿ ಹರಿಗೋಲಿಗೆ ಕಾಲು ಎತ್ತಬೇಕು, ಆಗ ಕಲ್ಲು ಎದ್ದಿತು. ಕಾಕಿ ಕೋಳಿ ಬುಟ್ಟಿಯ ಸಮೇತ ನೀರಿಗೆ. ಎದೆಮಟ್ಟದ ನೀರು, ಹರಿಗೋಲಿನವರು ಕೂಡಲೇ ಹಿಡಿದೆತ್ತಿದರು. ಕೋಳಿಗಳೂ ಸಿಕ್ಕವು.

ಯಾರೋ ಒಬ್ಬ, "ಊರಿಗೆ ಬಂದಾಕಿ ನೀರಿಗೆ ಬರದೇ ಇರ್ತಾಳೇನು," ಎಂದು ನಕ್ಕ. ಕಾಕಿ ಹಸಿಸೀರೆಯಲ್ಲೇ ಅವನ ಮೇಲೆ ಹೋದಳು. ಆಮೇಲೆ ಗಂಡನ ಕಡೆ ತಿರುಗಿ, "ಸುಂಕಪ್ಪಣ್ಣ ಕುಂತಿದ್ರ 'ನಿಲ್ಲವ್ವಾ, ಹಿಂದಕ್ಕ ಬಾ' ಅಂತಿದ್ದ. ನಿನ ಕಲ್ಲಿಗೆ ಬಾಯಿ ಅದ ಏನು?" ಎಂದಳು.

ಅಪ್ಪ ಬೇವಿನ ಬುಡದಿಂದ ಎದ್ದು ಬಂದಿದ್ದ. ನಗಲಿಲ್ಲ, 'ನಾ ಹೇಳಿದ್ದಿಲ್ಲೇನು' ಅನ್ನಲಿಲ್ಲ. ತನ್ನ ಕಂಬಳಿಯನ್ನು ಕಾಕಿಗೆ ಹೊದಿಸಿದ.

ಈಗ ಹಲಗೆಯ ಮೇಲೆ ಯಾರೂ ಕಾಲಿಡುತ್ತಿಲ್ಲ. ನನ್ನ ಮದುವೆಗೆ ಒಂದು ತಿಂಗಳು ಉಳಿದಿದೆ. ಅಣ್ಣಾ, ನಿನ್ನ ಲೆಕ್ಕದಲ್ಲಿ ಏನು ತಪ್ಪಿತು?

ಗೋಪಮ್ಮ

---

ಮಾನ್ವಿ
೩ ಜನವರಿ ೧೯೪೨

ಗೋಪಮ್ಮಾ,

ಕಾಗದ ಓದಿದೆ. ಮಳೆಗಾಲದ ನೀರಾಗಿದ್ದರೆ? ಕಾಕಿಯ ಕಾಲಿಗೆ ಬಿದ್ದೆನೆಂದು ಹೇಳು.

ರಾತ್ರಿ ಹಗಲು ಅದೇ ಯೋಚನೆ. ಪುಸ್ತಕ ತೆರೆದು ನೋಡಿದರೆ, ಪಾಠದ ಮೊದಲ ಸಾಲಿನಲ್ಲೇ ಬರೆದಿದೆ: 'ಹಲಗೆಗೆ ತೂಕವಿಲ್ಲವೆಂದು ತಿಳಿಯಿರಿ.' ಅದನ್ನು ನಾನು ಹಾರಿಸಿದ್ದೆ. ನಮ್ಮ ಹಲಗೆಗೆ ತೂಕವಿದೆ. ಸರಿ, ಅದನ್ನೂ ಸೇರಿಸಿದೆ. ಆದರೂ ಬಗೆಹರಿಯಲಿಲ್ಲ. ಹಲಗೆಯ ತೂಕವೆಲ್ಲ ಅದರ ನಡುವಿನಲ್ಲಿ ಇದ್ದಂತೆ ಎಣಿಸಬೇಕು. ಹನ್ನೆರಡು ಮೊಳದ ಹಲಗೆಗೆ ನಡು ಆರನೇ ಮೊಳ, ಅದು ಸರಿಯಾಗಿ ಬಂಡೆಯ ಮೇಲೇ ಇದೆ. ಬಂಡೆಯ ಮೇಲೆ ಕೂತ ತೂಕ ಯಾವ ಕಡೆಗೂ ತಿರುಗಿಸುವುದಿಲ್ಲ. ಹಾಗಿದ್ದ ಮೇಲೆ ಎಪ್ಪತ್ತೆರಡು ಸೇರಿನ ಕಲ್ಲನ್ನು ಅರವತ್ತೈದು ಸೇರಿನ ಕಾಕಿ ಎತ್ತಿದ್ದು ಹೇಗೆ?

ನನಗೆ ತಿಳಿಯುತ್ತಿಲ್ಲ. ಅಪ್ಪನನ್ನು ಕೇಳು. ಮಗ ಕೇಳುತ್ತಿದ್ದಾನೆ, ಮಾಸ್ತರ್ ಅಲ್ಲ ಎಂದು ಹೇಳು.

ತಾಯಣ್ಣ

---

ಗೂಗಲ್
೧೧ ಜನವರಿ ೧೯೪೨

ಅಣ್ಣನಿಗೆ ಗೋಪಮ್ಮನ ಶರಣು.

ಅಪ್ಪ ನಕ್ಕ! 'ಹಲಗೆಗೆ ತೂಕವಿಲ್ಲವೆಂದು ತಿಳಿಯಿರಿ' ಎಂದು ಓದಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಆ ಹಲಗಿ ಕೊಯ್ದ ಮರ ಯಾವ ಅಡವ್ಯಾಗ ಅದ ಕೇಳು, ನಾಕು ತರಿಸೋಣು. ಹೊರೋದು ತಪ್ಪತದ," ಎಂದ. ಮೂರು ತಿಂಗಳಾದ ಮೇಲೆ ಕೇಳಿದ ನಗು. ಅವ್ವ ಒಲೆ ಬಿಟ್ಟು ಎದ್ದು ಬಂದಳು.

ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿಸಿಕೊಂಡ. ಆಮೇಲೆ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ: "ತಾಯ್ಯಾ, ಹಲಗೀದು ನಡು ಎಲ್ಲಿ ಅದ ಅಂತ ಮೊಳಾನ ಕೇಳಬ್ಯಾಡ, ಹಲಗಿನ ಕೇಳು. ಆ ತುದಿ ಮೂವತ್ತು ವರ್ಷ ಹೊಳಿ ಬಂದಾಗೆಲ್ಲ ನೀರಾಗ ಮುಳಗ್ಯದ. ನೀರು ಕುಡದು ಕುಡದು ಬಸಿರಾಗ್ಯದ. ಅದಕ್ಕ ಹೊಳಿ ಇಳದಾಗ ನಾ ಒಬ್ಬನೇ ಕುಂದರತಿದ್ದಿಲ್ಲ, ನಿಮ್ಮವ್ವನ್ನೂ ಕರೀತಿದ್ದೆ."

ಹೌದಲ್ಲ ಅಣ್ಣಾ! ಬೇಸಿಗೆ ಹತ್ತಿರ ಬಂದಾಗ ಅವ್ವ ಬುತ್ತಿ ತಂದು ಅಪ್ಪನ ಪಕ್ಕ ಕೂರುತ್ತಿದ್ದಳು. ಇಬ್ಬರೂ ಮಾತಾಡುತ್ತ ಕೂತಿದ್ದಾರೆ ಎಂದುಕೊಂಡಿದ್ದೆವು ನಾವು.

ಮರುದಿನ ಪೀರಾ ಸಾಬ್ ಕಾಕಾನ ಜನರನ್ನು ಕರೆದು ಹಲಗೆಯನ್ನು ಮರಳಿಗೆ ತಂದೆವು. ಕೆಳಗೆ ಒಂದು ಗುಂಡು ತೊಲೆ ಇಟ್ಟು ಹಿಂದೆ ಮುಂದೆ ಸರಿಸಿದೆವು. ಅಪ್ಪನ ತುದಿಯಿಂದ ಎಣಿಸಿ ಆರನೇ ಮೊಳದ ಮೇಲೆ ಇಟ್ಟರೆ ನೀರಿನ ತುದಿ ಧಪ್ಪೆಂದು ಬಿತ್ತು. ಮೊದಲು ಬಂಡೆಯ ಮೇಲಿದ್ದ ಏಳನೇ ಮೊಳಕ್ಕೆ ಬಂದಾಗ ಎರಡೂ ತುದಿ ಮೇಲೆದ್ದು ಸಮ ನಿಂತವು. ಒಂದು ತುದಿಗೆ ಕಾಗೆ ಬಂದು ಕೂತಿತು, ಹಲಗೆ ಆ ಕಡೆ ಬಾಗಿತು. ಪೀರಾ ಸಾಬ್ ಕಾಕಾ ಬಾಯಿ ತೆರೆದು ನೋಡುತ್ತಿದ್ದ. ಹಲಗೆಯನ್ನೂ ತೂಗಿದೆವು: ಎಂಬತ್ತು ಸೇರು.

ಆಗ ನಾನೊಂದು ಮಾತು ಹೇಳಿದೆ. ಆ ತುದಿ ಭಾರವಾದರೆ ಅದನ್ನೇ ಅಪ್ಪನ ಕಡೆಗೆ ತಿರುಗಿಸಿ ಇಡೋಣ ಎಂದೆ. ಎಲ್ಲರೂ ನನ್ನನ್ನು ಹುಚ್ಚಿಯಂತೆ ನೋಡಿದರು. ಪ್ರತಿ ದಸರೆಗೆ ಕುಂಕುಮ ಹಚ್ಚಿ ಗಂಗಮ್ಮನಿಗೆ ತೋರಿಸುವ ತುದಿ ಅದು, ಅದನ್ನು ಹೊಳೆಯ ಕಡೆ ಬಿಟ್ಟು ಬೇರೆ ಕಡೆ ಇಟ್ಟವರಿಲ್ಲ. ಅವ್ವ ಕೆನ್ನೆ ಬಡಿದುಕೊಂಡಳು. ಅಪ್ಪ ಆ ತುದಿಯನ್ನು ಅಂಗೈಯಿಂದ ಸವರಿದ. ಆಮೇಲೆ, "ಮರದಾಗ ಹೊಕ್ಕಾಕಿನೂ ಗಂಗವ್ವನೇ ಅಲ್ಲೇನು? ಮೂವತ್ತು ವರ್ಷ ಆ ಕಡೆ ಕುಂತಾಳ. ಈಗ ನನ್ನ ಕಡೆ ಬಂದು ಕುಂದರಲಿ," ಎಂದ. ಹೊಳೆಯ ಕಡೆ ಬಂದ ಹೊಸ ತುದಿಗೆ ತಾನೇ ಕುಂಕುಮ ಹಚ್ಚಿದ.

ಜೈಬುನ್ನೀಸಾ ಕಾಕಿ ಗಂಡನಿಗೆ ಖಡಾಖಂಡಿತ ಹೇಳಿದ್ದಾಳೆ, ಸುಂಕಪ್ಪಣ್ಣ ಇಲ್ಲದ ಹಲಗೆಗೆ ತಾನು ಕಾಲಿಡುವುದಿಲ್ಲ ಎಂದು. ಕಲ್ಲೂ ಇದೆ, ಅಪ್ಪನೂ ಕಲ್ಲಿನ ಪಕ್ಕ ಕೂತಿದ್ದಾನೆ. ಆದರೆ ನಾನು ದಾಟುವ ದಿನ ಕಲ್ಲು ತೆಗೆಯಬೇಕಂತೆ. "ನನ್ನ ಮಗಳನ್ನ ಕಲ್ಲು ಕಳಸೂದು ಬ್ಯಾಡ, ನಾ ಕಳಸ್ತೀನಿ," ಎನ್ನುತ್ತಾನೆ. ಪೀರಾ ಸಾಬ್ ಕಾಕಾ ಹೆದರುತ್ತಾನೆ. ಮಾಸ್ತರ್ ಹೂಂ ಅಂದರೆ ತಾನೂ ಹೂಂ ಅನ್ನುವೆ ಎಂದಿದ್ದಾನೆ. ಬೆಳ್ಳಿ, ಮದುವೆ ಸೀರೆ ಎಲ್ಲ ಸೇರಿ ನಾನು ಐವತ್ತೆರಡು ಸೇರು. ಇದನ್ನು ಗಂಡಿನ ಕಡೆಯವರಿಗೆ ಹೇಳಬೇಡ.

ನಿನ್ನ ಮೇಲಿನ ಸಿಟ್ಟು ಹೋಗಿದೆ.

ಗೋಪಮ್ಮ

---

ಮಾನ್ವಿ
೧೮ ಜನವರಿ ೧೯೪೨

ಗೋಪಮ್ಮಳಿಗೆ,

ಐದು ಸಲ ಮಾಡಿ ನೋಡಿದೆ. ಅಪ್ಪನ ಐವತ್ತು ಸೇರು, ಆರು ಮೊಳ: ಮುನ್ನೂರು. ತಿರುಗಿಸಿ ಇಟ್ಟ ಮೇಲೆ ಹಲಗೆಯ ಭಾರದ ನಡು ಬಂಡೆಯಿಂದ ಒಂದು ಮೊಳ ಅಪ್ಪನ ಕಡೆಗೆ ಬಂತು, ಅದರ ಎಂಬತ್ತು ಅಪ್ಪನ ಜೊತೆಗೆ ಸೇರಿತು. ಒಟ್ಟು ಮುನ್ನೂರ ಎಂಬತ್ತು. ನೀರಿನ ಕಡೆ ಆರು ಮೊಳ. ಅರವತ್ತಮೂರು ಸೇರಿನವರೆಗೆ ಅಪ್ಪ ಒಬ್ಬನೇ ತಡೆಯುತ್ತಾನೆ. ನೀನು ಐವತ್ತೆರಡು. ಗಂಟುಮೂಟೆ ಹಿಡಿಯಬೇಡ, ಜೊತೆಗೆ ಯಾರೂ ಬರಬಾರದು, ಒಬ್ಬಳೇ ನಡೆ.

ಹೂಂ ಎಂದೆ. ಆದರೆ ಈ ಹೂಂ ನನ್ನ ಲೆಕ್ಕದ ಧೈರ್ಯದಿಂದ ಅಲ್ಲ. ಅಪ್ಪ ಆಗುತ್ತದೆ ಎಂದಿದ್ದಾನೆ, ಅದಕ್ಕೆ. ಇಲ್ಲಿ ಹುಡುಗರಿಗೂ ಈ ಪಾಠ ಬೇರೆ ರೀತಿ ಹೇಳುತ್ತಿದ್ದೇನೆ. ಮೊದಲು ಹಲಗೆ ತರಿಸುತ್ತೇನೆ, ಆಮೇಲೆ ಪುಸ್ತಕ ತೆರೆಸುತ್ತೇನೆ.

ರಜೆ ಸಿಕ್ಕಿದೆ. ಮದುವೆಗೆ ಎರಡು ದಿನ ಮೊದಲೇ ಬರುತ್ತೇನೆ.

ತಾಯಣ್ಣ

---

ಗೂಗಲ್
೧೨ ಫೆಬ್ರುವರಿ ೧೯೪೨

ತಂಗಿ ಗೋಪಮ್ಮಳಿಗೆ ಅಣ್ಣನ ಆಶೀರ್ವಾದ. ಹೊಸ ಮನೆಯಲ್ಲಿ ಸುಖವಾಗಿದ್ದೀಯೆಂದು ಹರಿಗೋಲಿನವರು ಹೇಳಿದರು. ಅವ್ವ ಅದನ್ನು ಮೂರು ಸಲ ಹೇಳಿಸಿಕೊಂಡಳು.

ನಾಳೆ ನಾನು ಮಾನ್ವಿಗೆ ಹೊರಡುತ್ತೇನೆ. ಅದಕ್ಕೆ ಮೊದಲು ನಿನಗೊಂದು ಸಂಗತಿ ಬರೆಯಬೇಕು. ಆ ದಿನ ನೀನು ಹೊಳೆಯ ಕಡೆ ಮುಖ ಮಾಡಿ ನಡೆದೆ. ಅಪ್ಪ ಊರ ಕಡೆ ಮುಖ ಮಾಡಿ ಕೂತಿದ್ದ. ನೀನು ಅವನ ಮುಖ ನೋಡಲಿಲ್ಲ, ಅವನು ನಿನ್ನನ್ನು ನೋಡಲಿಲ್ಲ. ಅವನ ಎದುರಿಗೆ ದಂಡೆಯ ಮೇಲೆ ನಿಂತವನು ನಾನೊಬ್ಬನೇ. ನೋಡಿದ್ದನ್ನು ನಿನಗೆ ತಲುಪಿಸುವುದು ನನ್ನ ಕೆಲಸ.

ಇವತ್ತೊಂದು ದಿನ ತಿರುಗಿ ಕೂರು ಎಂದು ನಾನೇ ಅವನಿಗೆ ಹೇಳಿದ್ದೆ. "ಊರ ಮಕ್ಳಿಗೆ ಒಂದು ರೀತಿ, ನನ್ನ ಮಗಳಿಗೆ ಒಂದು ರೀತಿ ಏನು?" ಎಂದ. ಕಲ್ಲು ತೆಗೆದು ಬದಿಗೆ ಉರುಳಿಸಿದರು. ಅಪ್ಪ ತುದಿಯ ಮೇಲೆ ಕೂತು ಎರಡೂ ಅಂಗೈಯನ್ನು ಹಲಗೆಗೆ ಒತ್ತಿ ಇಟ್ಟುಕೊಂಡ, ಕಣ್ಣು ಮುಚ್ಚಿದ. ನೀನು ಬಂಡೆ ದಾಟಿ ಕಾಲಿಟ್ಟಾಗ ಮೆಲ್ಲಗೆ ಎಣಿಸತೊಡಗಿದ. "ಒಂದು ಮೊಳ. ಎರಡು. ಕಾಲ್ಗೆಜ್ಜಿ ಭಾರ ಆಗ್ಯಾವ. ಮೂರು." ನಾಲ್ಕನೇ ಮೊಳಕ್ಕೆ ಊರಿನ ಕಡೆಗೆ ಮುಂದಕ್ಕೆ ಬಾಗಿದ. ನೀನು ತುದಿ ಮುಟ್ಟಿದೆ. ಹರಿಗೋಲಿನಿಂದ ಕೈ ಚಾಚಿದರೂ ಹತ್ತಲಿಲ್ಲ, ನಿಂತೆ. ಅಪ್ಪ, "ನಿಂತಾಳ. ನಿಲ್ಲಲಿ. ಎಷ್ಟು ಹೊತ್ತಾದ್ರೂ ನಾ ಹಿಡೀತೀನಿ," ಎಂದ. ಮುಚ್ಚಿದ ಕಣ್ಣುಗಳಿಂದ ನೀರು ಇಳಿದು ಮೀಸೆಗೆ ಬರುತ್ತಿತ್ತು. ಒರೆಸಿಕೊಳ್ಳಲು ಅವನು ಕೈ ಎತ್ತಲಿಲ್ಲ.

ನೀನು ಹರಿಗೋಲಿಗೆ ಕಾಲಿಟ್ಟಾಗ ಯಾರೂ ಕೂಗಿರಲಿಲ್ಲ. ಅವನೇ ಮೊದಲು, "ಇಳದಳು," ಎಂದ. ನಾನು ಅಲ್ಲೇ ಅತ್ತುಬಿಟ್ಟೆ, ಮಾಸ್ತರ್ ಎಂಬುದನ್ನೂ ನೋಡಲಿಲ್ಲ.

ಹರಿಗೋಲು ನಡು ಹೊಳೆ ಸೇರಿತು, ಆಚೆ ದಂಡೆ ಮುಟ್ಟಿತು, ಜನ ಮನೆಗೆ ಹೊರಟರು. ಅಪ್ಪ ಏಳಲಿಲ್ಲ. ಜೈಬುನ್ನೀಸಾ ಕಾಕಿ ಬಂದು, "ಎಲ್ರೂ ದಾಟ್ಯಾರ, ಏಳಣ್ಣಾ, ಬಿಸಿಲು ಬಂತು," ಎಂದಳು. "ಇರವ್ವಾ," ಎಂದ ಅಪ್ಪ. "ಏನಾರ ಮರತು ತಿರುಗಿ ಬಂದ್ರ ಹಲಗಿ ಹಿಡ್ಯಾಕ ಯಾರಾರ ಬೇಕಲ್ಲ."

ಖಾಲಿ ಹಲಗೆ ತಾನಾಗಿಯೇ ನಿಲ್ಲುತ್ತದೆ, ಅದರ ಭಾರವೆಲ್ಲ ಈಗ ದಂಡೆಯ ಕಡೆಗೇ ಇದೆ. ನೀನು ತಿರುಗಿ ಬರುವುದಿದ್ದರೂ ಅದು ಹಬ್ಬಕ್ಕೇ. ಇದೆಲ್ಲ ನನಗೆ ಗೊತ್ತಿತ್ತು. ಹೇಳಲಿಲ್ಲ. ಹೋಗಿ ಹೊಳೆಗೆ ಬೆನ್ನು ಮಾಡಿ ಅವನ ಪಕ್ಕದಲ್ಲಿ ಕೂತೆ.

ಯುಗಾದಿಗೆ ಬಾ. ಹಲಗೆ ಹಿಡಿದಿರುತ್ತೇವೆ.

ನಿನ್ನ ಅಣ್ಣ,
ತಾಯಣ್ಣ